ಹೆಡ್ ಬೋಲ್ಟಿನ ಎರಡನೇ ಬಿಗಿ

ನಮ್ಮ ಲಾರಿ ಹಳೆಯದು. ಅದರ ಇಂಜಿನ್ ಇರುವುದು ಕ್ಯಾಬಿನ್ನಿನ ಒಳಗೇ, ಡ್ರೈವರ್ ಸೀಟಿಗೂ ಪಕ್ಕದ ಸೀಟಿಗೂ ನಡುವೆ. ಮುಚ್ಚಳದ ಮೇಲೆ ದಪ್ಪ ಕೌದಿ ಹಾಸಿದ್ದರೂ ಅದರ ಸದ್ದು ಬಂದು ಎದೆಗೆ ಗುದ್ದುತ್ತದೆ. ನಮ್ಮ ಮನೆಯವರು ಮದುವೆಗೆ ಮೊದಲಿನಿಂದಲೂ ಆ ಸದ್ದಿನ ಮಗ್ಗುಲಲ್ಲಿ ಕೂತವರು. ತಿಕೋಟಾದ ಒಣದ್ರಾಕ್ಷಿ ವಿಜಯಪುರಕ್ಕೆ, ವಿಜಯಪುರದ ಗೊಬ್ಬರದ ಚೀಲ ಬಬಲೇಶ್ವರಕ್ಕೆ, ಇಷ್ಟೇ ಅವರ ಲೋಕ. ನಾನು ತಿಕೋಟಾದ ಕನ್ನಡ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು. ದಿನವಿಡೀ ಒದರುವುದೇ ನನ್ನ ಉದ್ಯೋಗ, ಮನೆಗೆ ಬಂದ ಮೇಲೂ ದನಿ ಇಳಿಯುವುದಿಲ್ಲ.

ಹಾಗೆ ಒದರುವವಳ ಗಂಡನಿಗೇ ಮಾತು ಕೇಳಿಸುತ್ತಿಲ್ಲ ಎಂಬ ಅನುಮಾನ ನನಗೆ ಬಂದದ್ದು ಊಟದ ಹೊತ್ತಿನಲ್ಲಿ. "ಪಲ್ಯಾದಾಗ ಉಪ್ಪು ಸರಿ ಐತೇನ್ರಿ?" ಎಂದು ಕೇಳಿದರೆ "ಹೂಂ, ನಾಳೆ ಮುಂಜಾನೆ ಹೋಗ್ತೀನಿ" ಎನ್ನುವರು. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು. ಬೆನ್ನ ಹಿಂದಿನಿಂದ ಕರೆದರಂತೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಒಂದು ದಿನ ತಡೆಯಲಾರದೆ ಎದುರಿಗೇ ನಿಂತು ಹೇಳಿದೆ.

"ವಿಜಯಪುರಕ್ಕ ನಡೀರಿ, ಒಮ್ಮೆ ಕಿವಿ ತೋರಿಸ್ಕೊಂಡ ಬರೂಣು."

ಅಬ್ಬಾ, ಆ ಸಿಟ್ಟು! "ನನ್ನ ಕಿವಿಗೇನ ಧಾಡಿ ಆಗೇತಿ? ಕಿವುಡ ಅಂತ ಒಮ್ಮೆ ಹೆಸರು ಬಿತ್ತಂದ್ರ ಗಾಡಿ ಹೋತು. ಗಾಡಿ ಹ್ವಾದ ಮ್ಯಾಲ ನಾ ಮನ್ಯಾಗ ಕುಂತ ಏನ್ ಮಾಡ್ಲಿ, ನೊಣಾ ಹೊಡೀಲೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಕತೆಯಾಯಿತು. ನಾನು ಕಿವಿಯ ಮಾತಾಡಿದರೆ ಅವರು ಗಾಡಿಯ ಮಾತಾಡಿದ್ದರು. ಅವರ ಹೆದರಿಕೆ ಏನೆಂದು ನನಗೆ ಅಂದೇ ತಿಳಿಯಿತು. ತಿಳಿದ ಮೇಲೆ ಮತ್ತೆ ಬಾಯಿ ತೆರೆಯಲು ಮನಸ್ಸು ಬರಲಿಲ್ಲ.

ಹೀಗಿರುವಾಗ ಬಬಲೇಶ್ವರದ ಹತ್ತಿರ ಗಾಡಿ ನೀರು ಕುದಿಸಿಕೊಂಡು ನಿಂತಿತು. ಇಂಜಿನ್ನಿನ ಮೈಗೂ ಅದರ ತಲೆಯಾದ ಹೆಡ್ಡಿಗೂ ನಡುವೆ ಕೂಡುವ ಗ್ಯಾಸ್ಕೆಟ್ ಸುಟ್ಟಿತ್ತು. ಎಳೆಸಿಕೊಂಡು ವಿಜಯಪುರಕ್ಕೆ ಒಯ್ದರು. ಅಲ್ಲಿಯ ಮಿಸ್ತ್ರಿ ನಮ್ಮವರ ಹಳೆಯ ದೋಸ್ತ. ಅವರು ಹೆಡ್ ಇಳಿಸಿ, ಲೇತಿಗೆ ಕೊಟ್ಟು ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂಡಿಸಿಕೊಟ್ಟರು. ಆದರೆ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಗಾಡಿ ಓಡಿ ಇಂಜಿನ್ ಚೆನ್ನಾಗಿ ಕಾಯ್ದರೆ ಹೊಸ ಗ್ಯಾಸ್ಕೆಟ್ ಒತ್ತಿಕೊಂಡು ಕೂಡುತ್ತದೆ, ಬೋಲ್ಟುಗಳು ತುಸು ಸಡಿಲಾಗುತ್ತವೆ. ಇಂಜಿನ್ ಪೂರಾ ಆರಿದ ಮೇಲೆ ಅವನ್ನು ಇನ್ನೊಮ್ಮೆ ಬಿಗಿಯಬೇಕು. ಮೊದಲನೇ ಬಿಗಿ ಮಿಸ್ತ್ರಿಯದು, ಎರಡನೇ ಬಿಗಿ ಗಾಡಿ ನಡೆಸುವವನದು ಎಂಬುದು ನಮ್ಮವರ ನೇಮ. ಮಿಸ್ತ್ರಿಗೂ ಅದು ಗೊತ್ತು. ಅದಕ್ಕೇ, ಬಿಗಿ ಸಾಕಾದೊಡನೆ ಟಕ್ ಎನ್ನುವ ತಮ್ಮ ಟಾರ್ಕ್ ಪಾನಾ ಕೊಟ್ಟು, ನಾನೂ ಅಲ್ಲೇ ಇದ್ದೆನಾದ್ದರಿಂದ ಇಬ್ಬರಿಗೂ ಕೇಳುವಂತೆ ಹೇಳಿದ್ದರು.

"ಟಕ್ ಅಂತು ಅಂದ್ರ ಕೈ ಬಿಡ್ರಿ. ಆಮ್ಯಾಲ ಬೆರಳಿನಷ್ಟೂ ಎಳೀಬ್ಯಾಡ್ರಿ. ಬೋಲ್ಟ ಒಳಗ ಕಡೀತಂದ್ರ ಮತ್ತ ಎಲ್ಲಾ ಬಿಚ್ಚಬೇಕಾಕ್ಕೈತಿ ನೋಡ್ರಿ ಅಕ್ಕೋರ."

ಆ ಸಂಜೆಯೇ ಗಾಡಿ ನಡೆಸಿಕೊಂಡು ತಿಕೋಟಾಕ್ಕೆ ಬಂದೆವು. ಮರುದಿನ ರವಿವಾರ, ಸಾಲಿ ಇರಲಿಲ್ಲ. ಮುಂಜಾನೆ ಮನೆ ಮುಂದೆ ನಿಂತಿದ್ದ ಗಾಡಿಗೆ ಚಹಾ ತೆಗೆದುಕೊಂಡು ಹೋದೆ. ನಮ್ಮವರು ಇಂಜಿನ್ನಿನ ಮುಚ್ಚಳ ತೆಗೆದು, ಮೇಲಿನ ಕವರ್ ಬಿಚ್ಚಿ, ಡ್ರೈವರ್ ಸೀಟಿನ ಮೇಲೆ ಮೊಣಕಾಲೂರಿ ಕೂತಿದ್ದರು. ನಾನು ಹತ್ತಿ ಪಕ್ಕದ ಸೀಟಿನಲ್ಲಿ ಕೂತೆ. ನಡುವೆ ಇಂಜಿನ್, ತಣ್ಣಗೆ. ಬೋಲ್ಟುಗಳನ್ನು ನಡುವಿನಿಂದ ಹಿಡಿದು ಹೊರಗಿನವುಗಳಿಗೆ ಹೋಗಬೇಕು, ರೊಟ್ಟಿ ತಟ್ಟಿದ ಹಾಗೆ. ಅವರು ನಡುವಿನದಕ್ಕೆ ಪಾನಾ ಹಾಕಿ ಎಳೆದರು. ಟಕ್ ಎಂದಿತು. ಅವರು ಇನ್ನೂ ಎಳೆಯುತ್ತಲೇ ಇದ್ದರು. ಸಮಾಧಾನಕ್ಕೆ ತುಸು ಹೆಚ್ಚಿಗೆ ಬಿಗಿಯುತ್ತಿರಬೇಕು ಅಂದುಕೊಂಡೆ. ಮುಂದಿನದಕ್ಕೂ ಹಾಗೆಯೇ. ಟಕ್ ಎಂದಿತು, ಅವರ ಕೊರಳ ನರ ಉಬ್ಬಿತು, ಪಾನಾ ನಿಲ್ಲಲಿಲ್ಲ. ಆಗ ಅವರ ಮುಖ ನೋಡಿದೆ. ಬಸ್ಸಿಗೆ ಕಾಯುವವರ ಮುಖ ಅದು. ಟಕ್ ಎನ್ನುವುದು ಇನ್ನೂ ಬರಬೇಕಾಗಿದೆ ಎಂದು ಕಾಯುತ್ತಿದ್ದರು! ಕೈಗಾದರೂ ತಿಳಿಯಬೇಕಿತ್ತು, ಆದರೆ ಸಕ್ಕರೆ ಕಾಯಿಲೆ ಆ ಬೆರಳುಗಳನ್ನು ಎಂದೋ ಜೋಮು ಮಾಡಿತ್ತು.

ಕೈ ಎತ್ತಿ ಬೀಸುತ್ತಾ, "ಹೆಚ್ಚಾತ್ರೀ! ಹೆಚ್ಚಾತು!" ಎಂದು ಕಿರುಚಿದೆ.

ಅವರು ಪಾನಾ ಅಲ್ಲೇ ಬಿಟ್ಟು, ಇಂಜಿನ್ನಿನ ಮೇಲಿಂದ ಬಾಗಿ ನನ್ನ ಮುಂಗೈ ಹಿಡಿದರು. ಎಣ್ಣೆ ಮೆತ್ತಿದ ಬೆರಳುಗಳಿಂದ ಒಂದೊಂದೇ ಬಳೆ ಸರಿಸಿ ನೋಡಿದರು. "ಎಲ್ಲಿ? ಗಾಜು ಚುಚ್ಚೇತೇನು? ರಕ್ತ ಬಂದೇತೇನು?"

ನಮ್ಮ ಕಡೆ ಮುತ್ತೈದೆಯ ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತದೆ. ಒಡೆಯಿತು ಅನ್ನುವುದು ಅಪಶಕುನ. ಡ್ರೈವರನ ಮನೆಯಲ್ಲಂತೂ ಆ ಮಾತು ನಾಲಿಗೆಯ ಮೇಲೆ ಬರಕೂಡದು. ಹೊಸದಾಗಿ ಬಂದಾಗ ಒಮ್ಮೆ ಬಾಯಿ ತಪ್ಪಿ ಅತ್ತೆಯಿಂದ ಬೈಸಿಕೊಂಡು ಕಲಿತವಳು ನಾನು. ಈಗ ಬಿಗಿ ಹೆಚ್ಚಾಯಿತು ಎಂದು ಒದರಿದರೆ, ಈ ಮನುಷ್ಯ ನನ್ನ ಬಳೆ ಹೆಚ್ಚಾಯಿತು ಎಂದು ತಿಳಿದು ಕೈ ತಡವುತ್ತಿದ್ದಾರೆ! ನಗು ಬಂತು. ನಗುನಗುತ್ತಲೇ ಅಳುವೂ ಬಂತು.

"ಬಳಿ ಅಲ್ರೀ. ಬಿಗಿ ಹೆಚ್ಚಾತು. ಪಾನಾ ಆಗಲೇ ಟಕ್ ಅಂತು."

ಅವರು ಪಾನಾ ನೋಡಿದರು, ನನ್ನ ನೋಡಿದರು. "ಅಂತೇನು?"

"ಎರಡೂ ಬೋಲ್ಟಿಗೂ ಅಂತ್ರಿ."

ಅವರು ಸೀಟಿಗೆ ಒರಗಿದರು. "ನನಗ ಕೇಳಿಸವಲ್ದು" ಎಂದರು. "ಭಾಳ ದಿವಸ ಆತು. ನೀ ಮಾತಾಡೂದನ್ನೂ ತುಟಿ ನೋಡಿ ಅಂದಾಜ ಮಾಡ್ತೀನಿ. ನೀ ಆ ಕಡೆ ತಿರುಗಿದ್ರ ಮುಗೀತು."

ನಾನೋ ದಿನಾ ಒಲೆಯ ಕಡೆ ಮುಖ ಮಾಡಿ ಇವರೊಡನೆ ಮಾತಾಡುವವಳು. ಪಾಪ, ಎಷ್ಟು ಒಂಟಿಯಾಗಿ ಕೂತಿದ್ದರೋ ಆ ಅಡುಗೆಮನೆಯಲ್ಲಿ ಅನ್ನಿಸಿತು. ತಣ್ಣಗಾಗಿದ್ದ ಚಹಾ ಅವರ ಕೈಗಿಟ್ಟೆ. ಕುಡಿದರು. ಆಮೇಲೆ ನಾನೇ, "ಏಳ್ರಿ, ಕೆಲಸ ಅರ್ಧ ಬಿಡೂದ ಛಲೋ ಅಲ್ಲ" ಎಂದು ಅವರ ಹೆಗಲ ಮೇಲೆ ಕೈಯಿಟ್ಟೆ. ಹೆಚ್ಚು ಎಳೆದ ಎರಡನ್ನೂ ಸಡಿಲಿಸಿ ಮತ್ತೆ ಬಿಗಿದರು. ಪಾನಾ ಟಕ್ ಎಂದಾಗಲೆಲ್ಲ ನಾನು ಹೆಗಲು ಒತ್ತುತ್ತಿದ್ದೆ, ಅವರು ಕೈ ಬಿಡುತ್ತಿದ್ದರು. ಕೊನೆಯ ಬೋಲ್ಟಿನವರೆಗೂ ಹಾಗೇ ಮಾಡಿದೆವು.

ಮಧ್ಯಾಹ್ನ ಗಾಡಿ ಪರೀಕ್ಷೆಗೆಂದು ಬಬಲೇಶ್ವರದ ಕಡೆ ಖಾಲಿ ಹೊರಟರು. ನಾನೂ ಹತ್ತಿದೆ. ಬೇಡ ಎನ್ನಲಿಲ್ಲ. ಊರು ದಾಟಿದ ಮೇಲೆ ಹಿಂದಿನಿಂದ ಒಂದು ಸರ್ಕಾರಿ ಬಸ್ಸು ಹಾರ್ನ್ ಹೊಡೆಯತೊಡಗಿತು. ಹೊಡೆದೇ ಹೊಡೆಯಿತು. ಇವರು ನಡುರಸ್ತೆಯಲ್ಲಿ ಆರಾಮಾಗಿ ಹೋಗುತ್ತಿದ್ದಾರೆ, ಬಲಗಡೆಯ ಕನ್ನಡಿಯನ್ನೂ ನೋಡುತ್ತಿಲ್ಲ. ಹೆಗಲು ಹಿಡಿದು ಅಲ್ಲಾಡಿಸಿದೆ. ಬೆಚ್ಚಿ ಎಡಕ್ಕೆ ಎಳೆದರು. ಬಸ್ಸು ಪಕ್ಕದಿಂದ ಹಾದುಹೋಯಿತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಬಾಯಿಗೆ ಬಂದದ್ದು ಬೈದ. ಆ ಬೈಗುಳವೂ ಇವರಿಗೆ ಕೇಳಿಸಲಿಲ್ಲ. ಬಸ್ಸಿನ ಕಿಟಕಿಗಳಲ್ಲಿ ಹೆಂಗಸರು, ಕೂಸುಗಳು ಇದ್ದುದನ್ನು ಮಾತ್ರ ನೋಡಿದರು.

ಮುಂದೆ ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಇಳಿದರು. ಇಂಜಿನ್ನಿನ ಸುತ್ತ ಕೈಯಾಡಿಸಿ ನೋಡಿದರು. ಒಂದು ಹನಿ ನೀರಿಲ್ಲ, ಎಣ್ಣೆಯಿಲ್ಲ.

"ಗಾಡಿ ಖಡಕ್ ಆಗೇತಿ. ಕೆಟ್ಟಾವ ನಾನು" ಎಂದರು.

"ಹಂಗ್ಯಾಕ ಅಂತೀರಿ? ನಾ ಇದ್ದೀನಲ್ರೀ."

"ನೀ ಎಷ್ಟ ದಿನಾ ಬರ್ತಿ? ನಿನ್ನ ಸಾಲಿ ಯಾರು ನೋಡಬೇಕು?" ಎಂದು ಹೇಳಿ ಚಾವಿ ತೆಗೆದು ನನ್ನ ಉಡಿಗೆ ಹಾಕಿದರು. "ಇಲ್ಲಿಂದ ಮಿಸ್ತ್ರಿ ಹುಡುಗರು ಒಯ್ಯಲಿ. ಡಾಕ್ಟರ್ ಹೂಂ ಅನ್ನೂತನಕ ನಾ ಸ್ಟೇರಿಂಗ್ ಮುಟ್ಟೂದಿಲ್ಲ. ಬಸ್ಸಿನ್ಯಾಗ ಮಂದಿ ಇದ್ರು."

ಅಷ್ಟು ಹೇಳಿ ಮುಖ ತಿರುಗಿಸಿದರು. ಗಂಡಸು, ನನ್ನೆದುರು ಅಳಲಾರರು.

ಆ ವಾರವೇ ವಿಜಯಪುರದ ಕಿವಿ ಡಾಕ್ಟರರಲ್ಲಿಗೆ ಹೋದೆವು. ಪರೀಕ್ಷೆಯೆಲ್ಲ ಮಾಡಿ, ಬೀಜದಷ್ಟು ಒಂದು ಯಂತ್ರವನ್ನು ಅವರ ಕಿವಿಗೆ ಕೂಡಿಸಿದರು. ನಮ್ಮವರು ಮೊದಲು ತಲೆಯ ಮೇಲಿನ ಫ್ಯಾನು ನೋಡಿದರು, ಆಮೇಲೆ ಬಾಗಿಲ ಕಡೆ, ಆಮೇಲೆ ನನ್ನ ಕಡೆ.

"ಏನರ ಮಾತಾಡು" ಎಂದರು.

ದಿನವಿಡೀ ಒದರುವ ನನ್ನ ಗಂಟಲಿನಿಂದ ಒಂದು ಮಾತೂ ಹೊರಡಲಿಲ್ಲ.

"ಏನಿಲ್ಲಂದ್ರ ಬೈಯರ ಬೈಯಿ" ಎಂದರು.

ಡಾಕ್ಟರರು ಕಾಗದದಿಂದ ತಲೆಯೆತ್ತಿ, "ಯಜಮಾನ್ರ, ಗಾಡಿ ನಡಸೂದರ ಬಗ್ಗೆ ಕೇಳಿದ್ರಲ್ಲಾ, ಅದನ್ನ ಹೇಳಿಬಿಡ್ತೀನಿ" ಎಂದರು.

ನಮ್ಮವರು ನನ್ನ ಮುಖದಿಂದ ಕಣ್ಣು ತೆಗೆಯದೆ ಅವರತ್ತ ಕೈ ಅಡ್ಡ ಹಿಡಿದರು. "ಗಾಡಿ ಮಾತು ಆಮ್ಯಾಲ್ರೀ ಸಾಹೇಬ್ರ. ಒಂದೀಟ ತಡೀರಿ, ಈಕಿ ಇನ್ನೂ ಏನೂ ಮಾತಾಡಿಲ್ಲ."