ಊಟ ವಿಚಾರಿಸುವ ಥೆರಪಿ ಸೆಂಟರ್

ಭಾನುಪ್ರಕಾಶರ ಸೆಂಟರಿನಲ್ಲಿ ಕುರ್ಚಿ ಬಿಟ್ಟೇಳದೆ ಹದಿನಾಲ್ಕನೇ ಮಹಡಿಯ ಅಂಚಿಗೆ ಹೋಗಿ ನಿಲ್ಲಬಹುದು. ಕಣ್ಣಿಗೆ ಡಬ್ಬಿಯಂಥ ಹೆಡ್‌ಸೆಟ್ ಕಟ್ಟುತ್ತಾರೆ. ಲಿಫ್ಟು, ವಿಮಾನ, ಜನ ತುಂಬಿದ ಸಭೆ, ಯಾವುದಕ್ಕೆ ನಿಮ್ಮ ಎದೆ ನಡುಗುತ್ತದೋ ಅದೇ ಎದುರಿಗೆ ಬರುತ್ತದೆ. ಪಕ್ಕದಲ್ಲಿ ಕೂತ ಕೌನ್ಸೆಲರ್ ನಿಧಾನವಾಗಿ ಉಸಿರು ಬಿಡಿ ಎನ್ನುತ್ತಾರೆ. ನಾಲ್ಕಾರು ಸಲ ಹೀಗೆ ಹೆದರಿ ಹೆದರಿ ಹೆದರಿಕೆಯೇ ಸವೆದುಹೋಗುತ್ತದಂತೆ. ವಿಆರ್ ಥೆರಪಿ ಎಂದರೆ ಇಷ್ಟೇ. ವೈಟ್‌ಫೀಲ್ಡಿನಲ್ಲಿ ಭಯಕ್ಕೇನೂ ಬರವಿಲ್ಲ. ಆದರೂ ಕುರ್ಚಿ ಖಾಲಿ ಇತ್ತು. ಅದನ್ನು ತುಂಬಿಸುವ ಕೆಲಸ ಮಹಾನಂದಾಳದು.

ಮಹಾನಂದಾ ಲಿಂಗಸುಗೂರು ಕಡೆಯವಳು. ಕಟ್ಟಡದ ಕೆಲಸಕ್ಕೆ ಬಂದ ಅಣ್ಣನ ಬೆನ್ನು ಹತ್ತಿ ಬೆಂಗಳೂರಿಗೆ ಬಂದಳು. ಅಣ್ಣ ತನ್ನ ಗುಂಪಿನ ಜೊತೆ ಪುಣೆಗೆ ಹೋದ, ಇವಳು ಉಳಿದಳು. ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುತ್ತ, ಸಂಜೆ ಕ್ಲಾಸಿಗೆ ಹೋಗಿ ಆನ್‌ಲೈನ್ ಮಾರ್ಕೆಟಿಂಗ್ ಕಲಿತಳು. ಈಗ ಪಟ್ಟಂದೂರು ಅಗ್ರಹಾರದಲ್ಲಿ ಮೂರನೇ ಮಹಡಿಯ ಒಂದು ರೂಮು. ನೆಲಮಹಡಿಯಲ್ಲಿ ಮನೆ ಒಡತಿ ವೆಂಕಟಮ್ಮ. ಗಂಡ ತೀರಿಕೊಂಡಿದ್ದಾನೆ, ಮಗಳು ಮಾಲಾಳನ್ನು ಸರ್ಜಾಪುರಕ್ಕೆ ಕೊಟ್ಟಿದೆ. ಬಾಡಿಗೆ ಫೋನಿನಲ್ಲೇ ಹೋಗಿಬಿಡುವುದರಿಂದ ಇಬ್ಬರ ನಡುವೆ ಉಳಿದಿದ್ದ ಮಾತು ಒಂದೇ. "ಮೋಟ್ರು ಆಫ್ ಮಾಡ್ದೇನಮ್ಮ?" ಎಂದು ಕೆಳಗಿನಿಂದ ಕೂಗು, "ಮಾಡೀನ್ರಿ" ಎಂದು ಮೇಲಿನಿಂದ ಉತ್ತರ.

ಮೊದಲೆಲ್ಲ ಊರಿಂದ ದಿನಾ ಮಧ್ಯಾಹ್ನ ಅವ್ವನ ಫೋನು ಬರುತ್ತಿತ್ತು. "ಊಟ ಆತೇನವಾ?" ಎಂದು ಕೇಳಿ, ಆತು ಎಂದರೆ ಇಟ್ಟುಬಿಡುತ್ತಿದ್ದಳು. ಹೋದ ವರ್ಷ ಅವ್ವ ಹೋದಳು. ಆಮೇಲೆ ಆ ಪ್ರಶ್ನೆ ಯಾರೂ ಕೇಳಲಿಲ್ಲ. ಮೆಟ್ರೋದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ತುಂಬಿದ ಊರಿನಲ್ಲಿ ಉಂಡೆಯಾ ಬಿಟ್ಟೆಯಾ ಎಂದು ಕೇಳುವ ಬಾಯಿ ಒಂದೂ ಇಲ್ಲವೆಂದರೆ ಅದೆಂಥ ಬಾಳು ಹೇಳಿ. ಅವಳಿಗೆ ಸಂಕಟವಾಗುತ್ತಿತ್ತು. ಒಬ್ಬಳಿಗಾಗಿ ಏನು ಅಡಿಗೆ ಮಾಡುವುದು ಎಂದು ಎಷ್ಟೋ ಸಂಜೆ ಬಿಸ್ಕತ್ತು ತಿಂದು ಮಲಗುತ್ತಿದ್ದಳು.

ಭಾನುಪ್ರಕಾಶರ ಯೋಜನೆಯೆಲ್ಲ ಇಂಗ್ಲಿಷಿನಲ್ಲಿತ್ತು. ಐಟಿ ಪಾರ್ಕಿನವರಿಗೆ ವಿಮಾನದ ಭಯದ ರೀಲು, ಮ್ಯಾನೇಜರುಗಳಿಗೆ ವೇದಿಕೆ ಭಯದ ಪೋಸ್ಟು. ಎಲ್ಲರೂ ನೋಡಿ ಮುಂದಕ್ಕೆ ತಳ್ಳಿದರು, ಬರೆದವರು ಯಾರೂ ಇಲ್ಲ. ಕನ್ನಡದಲ್ಲೊಂದು ಹಾಕೋಣ ಸಾರ್ ಎಂದಳು ಮಹಾನಂದಾ. "ಕನ್ನಡದಲ್ಲಿ ಥೆರಪಿ ಯಾರ್ ಹುಡುಕ್ತಾರೆ ಮಹಾನಂದಾ? ಸರಿ, ನಿಮ್ಮಿಷ್ಟ, ಟ್ರೈ ಮಾಡಿ" ಎಂದರು. ಅವಳು ಬರೆದಳು: "ಎದೆ ಢವಢವ ಅನ್ನುತ್ತದೆಯೇ? ಒಬ್ಬರೇ ಕೂತು ಸಂಕಟಪಡಬೇಡಿ. ನಮಗೆ ಬರೆಯಿರಿ." ಕೆಳಗಿನ ಬಟನ್ ಒತ್ತಿದರೆ ಸೀದಾ ಸೆಂಟರಿನ ವಾಟ್ಸಾಪು. ಬರೆದವರಿಗೆ ತಾನಾಗಿಯೇ ಹೋಗುವ ಮೊದಲ ಮಾತೊಂದನ್ನು ಅಲ್ಲಿ ಕೂರಿಸಬೇಕಿತ್ತು. ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ನಿಮಗೇನು ಭಯ ಎಂದು ಕೇಳುವುದುಂಟೇ? ಅವಳ ಊರಿನಲ್ಲಿ ಸಾಲ ಕೇಳಲು ಬಂದವರನ್ನೂ ಮೊದಲು ಊಟ ಕೇಳುತ್ತಾರೆ. "ನಮಸ್ಕಾರ. ಊಟ ಆತೇನ್ರಿ?" ಎಂದು ಬರೆದು, ಇಲ್ಲಿಯವರಿಗೆ ಒಗ್ಗಲೆಂದು "ಊಟ ಆಯ್ತಾ?" ಎಂದು ತಿದ್ದಿದಳು. ಸೆಟ್ಟಿಂಗಿನಲ್ಲಿ ಮಾತ್ರ ಎಡವಿದಳು. ಮೊದಲ ಮೆಸೇಜಿಗಷ್ಟೇ ಹೋಗಬೇಕಾದ ಉತ್ತರ, ಯಾರು ಎಷ್ಟು ಸಲ ಏನೇ ಬರೆದರೂ ಹೋಗತೊಡಗಿತು.

ಜನ ಮುಗಿಬಿದ್ದರು! ಊಟ ಆಯ್ತಾ ಎಂದರೆ ಉತ್ತರಿಸದೆ ಸುಮ್ಮನಿರುವ ಕನ್ನಡಿಗ ಇನ್ನೂ ಹುಟ್ಟಿಲ್ಲ. "ಆಯ್ತು, ನಿಮ್ದು?" ಎಂದರು. "ಇಲ್ಲ ಗುರು, ಟ್ರಾಫಿಕ್‌ನಲ್ಲಿದೀನಿ" ಎಂದ ಒಬ್ಬ ಕ್ಯಾಬ್ ಡ್ರೈವರ್. ಇನ್ನೊಬ್ಬ ತಟ್ಟೆಯ ಫೋಟೋ ಕಳಿಸಿದ. ಬುಕಿಂಗ್ ಮಾತ್ರ ಆಗಲಿಲ್ಲ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹತ್ತು ದಿನ ಕಳೆದ ಮೇಲೆ ಭಾನುಪ್ರಕಾಶ್ ಸೆಂಟರಿನ ಫೋನು ನೋಡಿ ತಲೆ ಚಚ್ಚಿಕೊಂಡರು. "ಇದೇನು ಥೆರಪಿ ಸೆಂಟರ್ರಾ, ಮೆಸ್ಸಾ? ಇವತ್ತೇ ಅದನ್ನ ತೆಗೀರಿ. ಬುಕ್ ಮಾಡದೇ ಇರೋರ್ನೆಲ್ಲ ಬ್ಲಾಕ್ ಮಾಡಿ. ಇಲ್ಲಾಂದ್ರೆ ಮಾರ್ಕೆಟಿಂಗ್ ಏಜೆನ್ಸಿಗೆ ಕೊಟ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ."

ಕೆಲಸ ಹೋದರೆ ಮತ್ತೆ ಪ್ಯಾಕಿಂಗ್‌ಗೇ ಹೋಗಬೇಕು. ಮಹಾನಂದಾ ಊಟದ ಮಾತು ತೆಗೆದಳು, ಅದರ ಜಾಗದಲ್ಲಿ ಬುಕ್ ಮಾಡಿ ಎನ್ನುವ ಇಂಗ್ಲಿಷಿನ ಎರಡು ಸಾಲು ಕೂರಿಸಿದಳು. ಆಮೇಲೆ ಒಂದೊಂದೇ ನಂಬರ್ ಬ್ಲಾಕ್ ಮಾಡುತ್ತ ಬಂದಳು. ಒಂದು ನಂಬರಿನಿಂದ ಬರೀ ಆಡಿಯೋ, ಉದ್ದಕ್ಕೂ ಸಾಲು. ಆಡಿಯೋ ಕಳಿಸುವವರು ಬುಕ್ ಮಾಡುವವರಲ್ಲ ಎಂಬುದು ಭಾನುಪ್ರಕಾಶರ ಸಿದ್ಧಾಂತವಾದ್ದರಿಂದ ಅವಳು ಯಾವುದನ್ನೂ ಕೇಳಿರಲಿಲ್ಲ. ಬ್ಲಾಕ್ ಮಾಡುವ ಮುಂಚೆ ಒಂದನ್ನಾದರೂ ಕೇಳೋಣವೆಂದು ಒತ್ತಿದಳು.

"ಆಯ್ತು ಕಣ್ ಮಗ. ಬಸ್ಸಾರು, ಮುದ್ದೆ. ನೀನು ಉಂಡ್ಯಾ?"

ಅದರ ಕೆಳಗೆ ಯಂತ್ರದ ಉತ್ತರ: ನಮಸ್ಕಾರ. ಊಟ ಆಯ್ತಾ?

"ಈಗ್ತಾನೆ ಯೋಳಿದ್ನಲ್ಲ ಮಗ, ಆಯ್ತು ಅಂತ. ಮರುವು ನಿಂಗೆ. ಎಷ್ಟು ಜನುನ್ನ ಕೇಳ್ಬೇಕೋ ಏನೋ, ಪಾಪ."

ಎಲ್ಲೋ ಕೇಳಿದ ದನಿ. ಮುಂದಿನದನ್ನು ಒತ್ತಿದಳು. ಎದೆ ಢವಢವ ಎಂದು ಬರೆದದ್ದು ಕಂಡು ತಾನು ಬಟನ್ ಒತ್ತಿದ್ದು, ರಾಗಿ ಕೊಯ್ಲಿನಲ್ಲಿ ಆಳುಗಳಿಗೆಲ್ಲ ತಾನೇ ಬುತ್ತಿ ಹೊರುತ್ತಿದ್ದುದು, ಒಬ್ಬೊಬ್ಬರನ್ನೂ ಉಂಡ್ಯಾ ಉಂಡ್ಯಾ ಎಂದು ಕೇಳಿ ಬಡಿಸುತ್ತಿದ್ದುದು, ಈಗ ಆ ಹೊಲದ ಮೇಲೆ ಗಾಜಿನ ಕಟ್ಟಡ ಎದ್ದಿರುವುದು. ನಡುವೆ ಗೇಟಿನ ಕಿರ್ ಸದ್ದು.

"ತಡಿ ಮಗ, ಮ್ಯಾಲಿನ ಮನೆ ಹುಡ್ಗಿ ಬಂದ್ಲು. ಕರ್ದು ಒಂದು ತುತ್ತು ಕೊಡಾನ ಅಂತೀನಿ. ಕಿವಿಗೆ ಅದ್ಯಾತದೋ ಸಿಗಾಕ್ಕಂಡು ಸರ್ರನೆ ಒಂಟೋಯ್ತದೆ. ಬಿಡು. ನೀನಿದೀಯಲ್ಲ."

ದನಿಯ ಹಿಂದೆ ಮೆಟ್ಟಿಲು ಹತ್ತಿ ಹೋಗುವ ಚಪ್ಪಲಿ ಸದ್ದು ಕೇಳುತ್ತಿತ್ತು. ಚಪ್ಪಲಿ ತನ್ನದೇ. ಮಹಾನಂದಾ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಅತ್ತಳು. ಆ ನಂಬರ್ ಬ್ಲಾಕ್ ಮಾಡಲು ಅವಳಿಗೆ ಕೈ ಬರಲಿಲ್ಲ.

ಸಂಜೆ ಗೇಟು ತೆಗೆದಾಗ ವೆಂಕಟಮ್ಮ ಮೆಟ್ಟಿಲ ಬಳಿ ಫೋನು ಹಿಡಿದು ಕೂತಿದ್ದಳು. ಎಂದೂ ನಿಲ್ಲದ ಇವಳು ನಿಂತದ್ದು ನೋಡಿ ಅವಳಿಗೆ ಗಾಬರಿ.

"ಏನಮ್ಮ, ನೀರು ಬರ್ತಿಲ್ವಾ?"

"ನೀರು ಬರ್ತದರಿ. ಸುಮ್ನ ನಿಂತೆ."

"ಮನೆ ಗಿನೆ ಖಾಲಿ ಮಾಡ್ತೀಯಾ?"

"ಇಲ್ರಿ ಅಮ್ಮ. ನಿಮ್ದು ಊಟ ಆತೇನ್ರಿ?"

"ಊಂ, ಆಯ್ತು" ಎಂದಳು ವೆಂಕಟಮ್ಮ. ಗಮನವೆಲ್ಲ ಫೋನಿನ ಮೇಲಿತ್ತು. "ಇದ್ನ ಒಸಿ ಓದಮ್ಮ. ದಿನಾ ಊಟ ಆಯ್ತಾ ಅಂತ ಕೇಳೋರು, ಇವತ್ತು ಇಂಗ್ಲಿಷ್‌ನಾಗೆ ಏನೋ ಆಕವ್ರೆ. ನಾನೇನಾದ್ರೂ ತಪ್ಪು ಮಾತಾಡಿದ್ನಾ ಅಂತ."

ಮಧ್ಯಾಹ್ನ ತಾನೇ ಕೂರಿಸಿದ ಎರಡು ಸಾಲನ್ನು ಮಹಾನಂದಾ ಓದಿದಳು. ಯಂತ್ರದ ವಿಷಯ ಬಾಯಿ ತುದಿಗೆ ಬಂದು ನಿಂತಿತು. ಹೇಳಿದರೆ ಈ ಮುದುಕಿಯ ಪಾಲಿಗೆ ಇಷ್ಟು ದಿನ ಕೇಳಿದವರು ಯಾರೂ ಇರಲಿಲ್ಲ ಎಂದಾಗುತ್ತದೆ.

"ತಪ್ಪೇನಿಲ್ರಿ. ಕೆಲ್ಸ ಭಾಳ ಅದ ಅಂತ ಬರದಾರ."

"ಅಂಗಾದ್ರೆ ಸರಿ." ವೆಂಕಟಮ್ಮ ಫೋನನ್ನು ಸೆರಗಿನಿಂದ ಒರೆಸಿದಳು. "ಎಲ್ಲಾರ್ನೂ ಕೇಳ್ತದೆ ಕಣಮ್ಮ ಆ ಮಗ. ನೀನು ಉಂಡ್ಯಾ ಅಂತ ನಾನೂ ದಿನಾ ತಿರ್ಗಾ ಕೇಳ್ತೀನಿ. ಒಂದ್ಸಲಾನೂ ಯೋಳಿಲ್ಲ."

ಮಹಾನಂದಾ ಚಪ್ಪಲಿ ಬಿಟ್ಟು ಪಕ್ಕದ ಮೆಟ್ಟಿಲ ಮೇಲೆ ಕೂತಳು.

"ಇಲ್ರಿ ಅಮ್ಮ," ಎಂದಳು. "ಇನ್ನೂ ಉಂಡಿಲ್ಲ."