ಒಂಬತ್ತು ಬೆರಳಿನ ಕೆರೆಗಾವಲು

ನಮ್ಮೂರಲ್ಲಿ ನಂಬಿಕಸ್ಥರು ಯಾರು ಎಂದು ಕೇಳಿದರೆ ನಾನು ಸುಲಭಕ್ಕೆ ಯಾರ ಹೆಸರನ್ನೂ ಹೇಳುವವಳಲ್ಲ. ಇಪ್ಪತ್ತು ವರ್ಷದಿಂದ ಕಯಾಂಜಾ ಕೆರೆಯ ದಂಡೆಯಲ್ಲಿ ಕೆಂಡದ ಮೇಲೆ ಬಾಳೆಹಣ್ಣು ಸುಟ್ಟು ಮಾರುತ್ತಿದ್ದೇನೆ. ಯಾರು ತಿಂದು ಬಾಯಿ ಒರೆಸಿಕೊಂಡು ಹೋಗುವವರು ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಮುಕಲಾಜಿಯ ಮಾತು ಮಾತ್ರ ಬೇರೆ. ಅವಳಿ ಮಕ್ಕಳ ಅಪ್ಪನಾದ್ದರಿಂದ ಊರೆಲ್ಲ ಅವನನ್ನು ಸಾಲೊಂಗೊ ಅನ್ನುತ್ತದೆ. ಎಡಗಾಲಿನ ಕಿರುಬೆರಳನ್ನು ಗುದ್ದಲಿಗೆ ಕೊಟ್ಟವನು. ಒಂದು ಇರುವೆ ಅಡ್ಡ ಬಂದರೂ ದಾರಿ ಬಿಟ್ಟು ನಿಲ್ಲುವ ಸಾಧು.

ಕೆರೆ ಹಾಳಾದದ್ದು ನಮ್ಮಿಂದಲೇ. ಕಸಾಯಿಖಾನೆಯ ಚರಂಡಿ ಅದಕ್ಕೆ, ಬೈಕು ತೊಳೆದ ನೀರು ಅದಕ್ಕೆ, ಎಲ್ಲರ ಮನೆಯ ಕೊಳಕೂ ಅದಕ್ಕೆ. ಕೊನೆಗೆ ಹಸಿರು ಗಂಜಿಯ ಹಾಗಾಗಿ, ನನ್ನ ಗಿರಾಕಿಗಳು ಮೂಗು ಮುಚ್ಚಿಕೊಂಡೇ ಹಣ್ಣು ತಿನ್ನುವಂತಾಯಿತು. ಆಗ ನೀರಿನ ಅಧಿಕಾರಿ ಬಂದು ಗಡುವು ಕೊಟ್ಟ. ಒಂದು ವರ್ಷದೊಳಗೆ, ಮೊಣಕೈ ಆಳಕ್ಕೆ ಇಳಿಸಿದ ಬಿಳಿ ತಟ್ಟೆ ಮೇಲಿನಿಂದ ಕಾಣಬೇಕು. ಇಲ್ಲದಿದ್ದರೆ ಮಣ್ಣು ಸುರಿದು ಕೆರೆ ಮುಚ್ಚಿ ಟ್ಯಾಕ್ಸಿ ನಿಲ್ದಾಣ ಮಾಡುತ್ತಾರಂತೆ.

"ನೀರು ತೊಳೆಯೋಕೆ ಜೊಂಡು ಸಾಕು ಅಂತ ನಮ್ಮಜ್ಜ ಹೇಳ್ತಿದ್ದ" ಅಂದ ಮುಕಲಾಜಿ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ? ಅವನು ಮಾತ್ರ ಚರಂಡಿಯ ಬಾಯಿಂದ ದಂಡೆಯುದ್ದಕ್ಕೂ, ಸೊಂಟದ ಮಟ್ಟದ ಕೆಸರಲ್ಲಿ ನಿಂತು ಜೊಂಡು ನೆಟ್ಟ. ನಾಲ್ಕು ತಿಂಗಳಿಗೆ ಅದು ಆಳೆತ್ತರ ಬೆಳೆದು ಕೊಳಕನ್ನು ಹೀರತೊಡಗಿತು. ಆಮೇಲೆ ನಕ್ಕವರೇ ನಾಚಿಕೊಂಡು ಪಾಚಿಯನ್ನೂ ಸೊಳ್ಳೆಮರಿಯನ್ನೂ ತಿನ್ನುವ ಎನ್‌ಕೆಜೆ ಮೀನುಮರಿ ತಂದು ಬಿಟ್ಟರು.

ಅಲ್ಲೇ ಬಂತು ನೋಡಿ ತಕರಾರು. ಹೊಗೆಯಲ್ಲಿ ಒಣಗಿಸಿದ ಎನ್‌ಕೆಜೆ, ಮೇಲೆ ಕಡಲೆಬೀಜದ ಗೊಜ್ಜು ಅಂದರೆ ನಮ್ಮಲ್ಲಿ ಸತ್ತವರೂ ಎದ್ದು ಕೂರುತ್ತಾರೆ. ಕಾವಲಿಗೆ ಯಾರನ್ನಿಟ್ಟರೂ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಆಗ ಮುಕಲಾಜಿಯದು ಎನ್‌ಕೆಜೆ ಕುಲ ಎಂಬುದು ನೆನಪಾಯಿತು. ಕುಲದ ಮೀನು ಅಂದರೆ ಒಡಹುಟ್ಟಿದ ಹಾಗೆ; ಅವರ ಪೈಕಿ ಯಾರೂ ಅದನ್ನು ಬಾಯಿಗಿಡುವುದಿಲ್ಲ. ಊರು ಒಕ್ಕೊರಲಿನಿಂದ ಅವನ ಕೈಗೆ ದೊಣ್ಣೆ ಕೊಟ್ಟಿತು.

ಆದರೂ ಮೀನು ಕಡಿಮೆಯಾಗುತ್ತಲೇ ಹೋಯಿತು.

"ಯಾರಯ್ಯಾ ಕಳ್ಳ?" ಅಂತ ಒಂದು ದಿನ ತಡೆಯಲಾರದೆ ಕೇಳಿದೆ.

"ಗೊತ್ತಿಲ್ಲ, ದಮಾಲಿ ಅಕ್ಕ."

"ಕಣ್ಣೆಲ್ಲಿ ಅಡ ಇಟ್ಟಿದ್ದೀಯ? ಹಗಲು ಹೊತ್ತಲ್ಲೇ ಹೋಗ್ತಿವೆ!"

ಅವನು ತಲೆ ತಗ್ಗಿಸಿದ. "ನೋಡಬಾರದವರು ಬಂದ್ರೆ ನೋಡೋದು ಹೇಗಕ್ಕಾ?"

ನನಗೆ ಹೊಳೆಯಿತು. ಅವನ ಹೆಂಡತಿಯ ತಾಯಿ ಪೆರೂಸಿ! ಆಕೆ ಬೇರೆ ಕುಲ, ಎನ್‌ಕೆಜೆ ತಿನ್ನಬಹುದು, ತಿಂದೇ ತಿನ್ನುತ್ತಾಳೆ. ನಮ್ಮಲ್ಲಿ ಅಳಿಯ ಅತ್ತೆಯ ಮುಖ ನೋಡಬಾರದು; ನೋಡಿದರೆ ಇಬ್ಬರಿಗೂ ಜೀವಮಾನವಿಡೀ ಕೈ ನಡುಗುವ ರೋಗ ಬರುತ್ತದೆ. ಆಕೆ ಬುಟ್ಟಿ ಹಿಡಿದು ಬಂದಾಗಲೆಲ್ಲ ಕಾವಲುಗಾರನೇ ಕಳ್ಳನ ಹಾಗೆ ಜೊಂಡಿನೊಳಗೆ ಅವಿತುಕೊಳ್ಳುತ್ತಿದ್ದ. ಊರಿಗೆ ಹೇಳೋಣವೆಂದರೆ ಅತ್ತೆಯ ಮಾನ, ಸುಮ್ಮನಿರೋಣವೆಂದರೆ ಕೆರೆಯ ಪ್ರಾಣ. ಪಾಪ, ಬಿಸಿತುಪ್ಪ ಬಾಯಿಗೆ ಹಾಕಿಕೊಂಡಂತಾಗಿತ್ತು.

ತಪಾಸಣೆಗೆ ಒಂದೇ ದಿನ ಉಳಿದಿತ್ತು. ಪೆರೂಸಿ ಬಂದಳು. ಅವನು ಎಂದಿನಂತೆ ಜೊಂಡಿನ ನಡುವೆ ಸೊಂಟದ ಮಟ್ಟದ ನೀರಲ್ಲಿ ಉಸಿರು ಬಿಗಿ ಹಿಡಿದು ನಿಂತ. ಮೇಲೆ ಜೊಂಡಿನ ಮರೆ. ಕೆಳಗೆ, ಹಿಂದಿನ ಕೆರೆಯಾಗಿದ್ದರೆ ಆನೆಯೂ ಅಡಗಬಹುದಿತ್ತು; ಈಗಿನದು ತಿಳಿನೀರು. ಆಕೆ ಬುಟ್ಟಿ ಮುಳುಗಿಸಲು ಬಗ್ಗಿದಳು. ಇದ್ದಕ್ಕಿದ್ದಂತೆ ಚಿಟ್ಟನೆ ಚೀರಿ ತಲೆ ಎತ್ತಿದಳು. ಅವನೂ ಬೆಚ್ಚಿ ತಲೆ ಎತ್ತಿದ. ಮುಖಕ್ಕೆ ಮುಖ! ಬುಟ್ಟಿ ಬಿಟ್ಟು ಆಕೆ ಈ ಕಡೆ, ದೊಣ್ಣೆ ಬಿಟ್ಟು ಅವನು ಆ ಕಡೆ. ನಾನು ನಕ್ಕು ನಕ್ಕು ಒಂದು ಸಾಲು ಹಣ್ಣು ಸೀಯಿಸಿದೆ.

ಆ ರಾತ್ರಿ ಮಳೆ ಸುರಿಯಿತು ನೋಡಿ, ಹಾಳು ಮಳೆ! ಬೆಳಗ್ಗೆ ಕೆರೆಯೆಲ್ಲ ಕೆಂಪು ರಾಡಿ. ಅಧಿಕಾರಿ ತಟ್ಟೆ ಇಳಿಸಿದ. ಒಂದು ಗೇಣಿಗೇ ಮಾಯವಾಯಿತು.

"ನಿನ್ನೆ ತಿಳಿಯಾಗಿತ್ತು ಸ್ವಾಮಿ!" ಅಂತ ಎಲ್ಲರೂ ಕೂಗಿದರು.

"ಎಲ್ಲ ಊರಲ್ಲೂ ಹೀಗೇ ಹೇಳ್ತಾರೆ. ಎಷ್ಟು ಆಳ ಕಾಣಿಸ್ತಿತ್ತು? ಅಳೆದು ನೋಡಿದವರು ಯಾರಿದ್ದೀರಿ?"

ಯಾರೂ ಅಳೆದಿರಲಿಲ್ಲ. ಮುಕಲಾಜಿಗೆ ಗೊತ್ತಿತ್ತು, ಆದರೆ ಹೇಳಿದರೆ ಅತ್ತೆಯ ಮಾತು ಬರುತ್ತದೆ, ಅವನು ಹೇಳುವವನಲ್ಲ. ಇವನ ಮರ್ಯಾದೆಗೆ ಬೆಂಕಿ ಬೀಳಲಿ ಅಂದುಕೊಂಡು ನಾನೇ ಬಾಯಿ ತೆರೆದೆ. ಅಷ್ಟರಲ್ಲಿ ಬಾಳೆಗಿಡಗಳ ಹಿಂದಿನಿಂದ ದನಿ ಬಂತು.

"ನಾನು ನೋಡಿದೀನಿ! ಸೊಂಟದ ಮಟ್ಟದ ನೀರಲ್ಲಿ ಅವನ ಕಾಲ್ಬೆರಳು ಎಣಿಸಿದೀನಿ. ಒಂಬತ್ತು!"

ಎಲ್ಲರೂ ಮುಕಲಾಜಿಯ ಕಾಲು ನೋಡಿದರು. ಅವನು ಅಂಗಿಯೆತ್ತಿ ಮುಖ ಮುಚ್ಚಿಕೊಂಡ.

"ಯಾರಮ್ಮಾ ಅದು? ಈಚೆ ಬನ್ನಿ" ಅಂದ ಅಧಿಕಾರಿ.

"ಅಳಿಯ ನಿಂತಿದಾನೆ, ಹೇಗಪ್ಪಾ ಬರ್ಲಿ? ನಿನಗೆ ಮನೇಲಿ ಹಿರಿಯರು ಏನೂ ಕಲಿಸ್ಲಿಲ್ವಾ?"

"ಸರಿ ಅಜ್ಜಿ, ಅಲ್ಲೇ ಇರಿ. ನೀರಿಗೆ ಬಗ್ಗಿ ಏನು ಮಾಡ್ತಿದ್ರಿ?"

"ಮೀನು ಕದೀತಿದ್ದೆ! ಇನ್ನೇನು, ಪ್ರಾರ್ಥನೆ ಮಾಡ್ತಿದ್ನಾ?"

ಊರು ಬಿದ್ದು ಬಿದ್ದು ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಎಪ್ಪತ್ತು ವರ್ಷ ಕಾಪಾಡಿಕೊಂಡ ಮಾನವನ್ನು ಆ ಮುದುಕಿ ಒಂದೇ ಮಾತಿನಲ್ಲಿ ಕೆರೆಗೆ ಹಾಕಿದ್ದಳು. ಅಧಿಕಾರಿಯೂ ನಗುತ್ತಲೇ, ರಾಡಿ ತಳಕ್ಕಿಳಿಯಲಿ ಎಂದು ಎಂಟು ದಿನ ಬಿಟ್ಟು ಬರುತ್ತೇನೆಂದ.

ಒಂಬತ್ತನೆಯ ದಿನ ಬಂದ. ಮೊಣಕೈ ದಾಟಿತು, ತೊಡೆ ದಾಟಿತು, ತಟ್ಟೆ ಇನ್ನೂ ಚಂದ್ರನ ಹಾಗೆ ಕಾಣುತ್ತಿತ್ತು. ಸುತ್ತ ಮೀನುಮರಿಗಳು. "ನೀವೇ ಹಿಡೀರಿ, ಸಾಲೊಂಗೊ" ಎಂದು ಅಧಿಕಾರಿ ತಟ್ಟೆ ಕಟ್ಟಿದ ದಾರವನ್ನು ಮುಕಲಾಜಿಯ ಕೈಗಿತ್ತ. ಜನ ಕೇಕೆ ಹಾಕಿದರು.

ಬಾಳೆಯ ಮರೆಯಿಂದ ಪೆರೂಸಿ ಮೆಲ್ಲಗೆ ನನ್ನನ್ನು ಕರೆದಳು. ಆಕೆಯ ದನಿಯಲ್ಲಿ ಅಂಥ ಅಂಜಿಕೆಯನ್ನು ನಾನು ಎಂದೂ ಕೇಳಿರಲಿಲ್ಲ.

"ದಮಾಲಿ, ನಿಜ ಹೇಳೇ. ಅವನ ಕೈ ನಡುಗ್ತಿದೆಯಾ?"

ತಿರುಗಿ ನೋಡಿದೆ. ಅವನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಕೈಯಲ್ಲಿದ್ದ ದಾರ ಗಡಗಡ ಅಲುಗುತ್ತಿತ್ತು.

"ಇಲ್ಲ ತಾಯಿ" ಅಂದೆ, "ಕಲ್ಲಿನ ಹಾಗೆ ನಿಂತಿದೆ."