ಜೇಬಿನಲ್ಲಿ ಹಿಡಿಯುವ ಲೆನ್ಸು

ಫೋಟೋ ತೆಗೆಯುವವರ ಹತ್ತಿರ ಲೆನ್ಸಿನ ಮಾತು ಎತ್ತಬಾರದು. ಎತ್ತಿದರೆ ಮುಗಿಯಿತು, ಕೈಯಲ್ಲಿದ್ದ ಕಾಫಿ ತಣ್ಣಗಾದರೂ ಬಿಡುವುದಿಲ್ಲ. ನಾನೂ ಅದೇ ಪೈಕಿ. ಸಕಲೇಶಪುರದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಮದುವೆ, ಗೃಹಪ್ರವೇಶ, ಚರ್ಚಿನ ಹಬ್ಬ ಎಂದು ವರ್ಷವಿಡೀ ಓಡಾಟ. ದೊಡ್ಡ ಜೂಮ್ ಲೆನ್ಸು ಹೊತ್ತು ಹೊತ್ತು ಹೆಗಲು ಬಿದ್ದುಹೋಗಿದ್ದ ಕಾಲಕ್ಕೆ ಎಂಬತ್ತೈದು ಎಂಎಂನ ಪುಟ್ಟ ಲೆನ್ಸೊಂದನ್ನು ಕೊಂಡೆ. ಅದರಲ್ಲಿ ಜೂಮ್ ಇಲ್ಲ. ಹಿಂದೆ ಮುಂದೆ ಆಗಬೇಕಾದರೆ ನಮ್ಮ ಕಾಲೇ ನಡೆಯಬೇಕು. ಆದರೆ ಸ್ವೆಟರಿನ ಜೇಬಿನಲ್ಲಿ ಹಿಡಿಯುತ್ತದೆ, ನೋಡಿ! ಆ ಒಂದು ಗುಣಕ್ಕೇ ನಾನು ಸೋತುಹೋದೆ.

ದೊಡ್ಡ ಲೆನ್ಸು ತಿರುಗಿಸಿದರೆ ನಮ್ಮ ಕಡೆಯ ಜನ ಪೊಲೀಸರನ್ನು ಕಂಡ ಹಾಗೆ ಸೆಟೆದು ನಿಲ್ಲುತ್ತಾರೆ. ಇದನ್ನು ಹಿಡಿದರೆ ಅವರ ಪಾಡಿಗೆ ಅವರು ಮಾತಾಡಿಕೊಂಡಿರುತ್ತಾರೆ. ನಾಲ್ಕೈದು ಹೆಜ್ಜೆ ದೂರ ನಿಂತರೆ ಮೂಗು ಮೂಗಿನಷ್ಟೇ, ಕೆನ್ನೆ ಕೆನ್ನೆಯಷ್ಟೇ ಬರುತ್ತದೆ. ಹಿಂದಿನ ನೀರಿನ ಡ್ರಮ್ಮು, ಒಣಹಾಕಿದ ಬಟ್ಟೆ, ಕಾಫಿ ಗಿಡ ಎಲ್ಲವೂ ಕರಗಿ ಮುಖವೊಂದೇ ಉಳಿಯುತ್ತದೆ. ಹಾನುಬಾಳಿನ ಒಂದು ಎಸ್ಟೇಟಿನಲ್ಲಿ, ಸ್ಟೋರಿನ ಅರೆಗತ್ತಲೆಯಲ್ಲಿ ಕಾಫಿ ಹಣ್ಣು ಅಳೆಸಲು ನಿಂತಿದ್ದ ಹೆಂಗಸರನ್ನು ಫ್ಲಾಶ್ ಇಲ್ಲದೆಯೇ ತೆಗೆದೆ. ಅವರಲ್ಲೊಬ್ಬಳು ತನ್ನ ಫೋಟೋ ನೋಡಿ, "ಅಯ್ಯಪ್ಪಾ, ನಾನು ಇಷ್ಟ್ ಚೆಂದಾಗಿದ್ದೀನೇನ್ರೀ?" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಲ್ಲಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಿಕ್ಕ ಲೆನ್ಸುಗಳು ಬೀರು ಸೇರಿದವು. "ಒಂದಿನ ನನ್ನ ಮುಖ ನೆಟ್ಟಗೆ ನೋಡಿದವರಲ್ಲ, ಅದನ್ನ ದಿನಾ ಒರೆಸಿ ಒರೆಸಿ ಇಡ್ತೀರಲ್ಲ" ಎಂದು ಹೆಂಡತಿ ಕಿಚಾಯಿಸುತ್ತಿದ್ದಳು.

ಈಗ ಆ ಲೆನ್ಸನ್ನು ಕೈಗೆತ್ತಿಕೊಳ್ಳಲು ಮನಸ್ಸಾಗುವುದಿಲ್ಲ. ತಪ್ಪು ಅದರದ್ದಲ್ಲ, ನನ್ನದು.

ನನ್ನ ಅವ್ವನಿಗೆ ಒಬ್ಬಳೇ ಅಕ್ಕ. ಅವಳನ್ನು ವನಗೂರಿನ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ನನಗೆ ಅವಳು ದೊಡ್ಡವ್ವ. ನಮ್ಮಲ್ಲಿ ಮದುವೆಗೆ ಒಡಹುಟ್ಟಿದವರನ್ನು ಮನೆಗೇ ಹೋಗಿ, ಕುಂಕುಮ ಇಟ್ಟು ಕರೆಯಬೇಕು. ನನ್ನ ಮದುವೆಯ ಗಡಿಬಿಡಿಯಲ್ಲಿ ಅವ್ವ ಲಗ್ನಪತ್ರಿಕೆಯನ್ನು ವನಗೂರಿಗೆ ಹೋಗುವ ಜೀಪಿನ ಡ್ರೈವರ್ ಕೈಯಲ್ಲಿ ಕಳಿಸಿಬಿಟ್ಟಳು. "ಡ್ರೈವರ್ ಕರೆದಿರೋ ಮದ್ವೆಗೆ ನಾನ್ಯಾಕೆ ಹೋಗ್ಲಿ?" ಎಂದು ದೊಡ್ಡವ್ವ ಮನೆಯಲ್ಲೇ ಕೂತಳು. ಅವ್ವನ ಹಟ ಕಡಿಮೆಯದೇ? ಹದಿನೆಂಟು ವರ್ಷ ಅಕ್ಕತಂಗಿಯರು ಮಾತು ಬಿಟ್ಟರು. ಊರವರ ಮದುವೆಗಳನ್ನೆಲ್ಲ ಆಲ್ಬಂ ಮಾಡಿಕೊಟ್ಟ ನನ್ನ ಮನೆಯಲ್ಲಿ ಅವರಿಬ್ಬರೂ ಜೊತೆಗಿರುವ ಫೋಟೋ ಒಂದೂ ಇರಲಿಲ್ಲ.

ಹೋದ ವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ದೊಡ್ಡವ್ವ ಜಾರಿ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದಳು. ಸುದ್ದಿ ಕೇಳಿದ ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ಬೆಳಿಗ್ಗೆ ಸ್ಟುಡಿಯೋ ಬಾಗಿಲಿಗೇ ಬಂದು ನಿಂತಳು. "ನಡಿಯೋ ವನಗೂರಿಗೆ. ಕ್ಯಾಮೆರಾ ತಗೋ. ಅಕ್ಕನ ಜೊತೆ ನಂದೊಂದು ಫೋಟೋ ಆಗ್ಬೇಕು. ಇನ್ನೇನೂ ಬ್ಯಾಡ ಕಣೋ ನಂಗೆ."

ಕ್ಯಾಮೆರಾ ತಗೊಂಡೆ, ಅದಕ್ಕೆ ಆ ಪುಟ್ಟ ಲೆನ್ಸೊಂದೇ. ಬ್ಯಾಗು ಯಾಕೆ ಹೊರಬೇಕು, ಮುಖ ತೆಗೆಯುವುದರಲ್ಲಿ ಇದನ್ನು ಮೀರಿಸಿದ್ದು ಯಾವುದಿದೆ ಎಂಬ ಸೊಕ್ಕು.

ವನಗೂರಿನ ಮನೆ ಮುಟ್ಟಿದಾಗ ಅವ್ವ ಒಳಗೆ ಹೋದವಳೇ ಕುಂಕುಮದ ಬಟ್ಟಲು ತೆಗೆದು ಅಕ್ಕನ ಹಣೆಗೆ ಇಟ್ಟು, "ನನ್ ಮಗನ ಮದ್ವೆಗೆ ಬಾರಕ್ಕ" ಎಂದಳು. ದೊಡ್ಡವ್ವ ಅವಳನ್ನೇ ನೋಡಿದಳು. ಆಮೇಲೆ, "ಊಟಕ್ಕೆ ಏನ್ ಮಾಡ್ಸಿದ್ದೀಯೇ?" ಎಂದು ಕೇಳಿದಳು. ಇಬ್ಬರೂ ನಕ್ಕರು, ನಗುತ್ತಲೇ ಅತ್ತರು. ದೊಡ್ಡವ್ವ ತಂಗಿಯ ಕೈ ಹಿಡಿದವಳು ಬಿಡಲೇ ಇಲ್ಲ.

ನಾನು ಕ್ಯಾಮೆರಾ ಕಣ್ಣಿಗಿಟ್ಟೆ. ಇಬ್ಬರೂ ಹಿಡಿಯಲಿಲ್ಲ. ಅದು ಇಕ್ಕಟ್ಟಾದ ಕೋಣೆ. ಒಂದು ಕಡೆ ಮಂಚ, ಇನ್ನೊಂದು ಕಡೆ ಗೋಡೆಯವರೆಗೆ ಭತ್ತದ ಮೂಟೆಗಳು. ಮೂಟೆಗೆ ಬೆನ್ನು ಒತ್ತಿ ನಿಂತರೂ ಒಬ್ಬರ ಮುಖವೇ ಚೌಕಟ್ಟು ತುಂಬುತ್ತಿತ್ತು. ಸೊಂಟ ಮುರಿದವಳನ್ನು ಹೊರಗೆ ಕೂರಿಸುವುದು ಸಾಧ್ಯವಿರಲಿಲ್ಲ. ದೊಡ್ಡವ್ವನ ಸೊಸೆ ನನ್ನ ಒದ್ದಾಟ ನೋಡಿ ತನ್ನ ಫೋನು ಚಾಚಿದಳು. "ಇದ್ರಲ್ಲಿ ತೆಗೀರಿ, ಎಲ್ರೂ ಬತ್ತಾರೆ."

ಇಸಿದುಕೊಳ್ಳಬಹುದಿತ್ತು. ನನ್ನ ಜೇಬಿನಲ್ಲೂ ಒಂದು ಫೋನಿತ್ತು. ಆದರೆ ಇಪ್ಪತ್ತು ವರ್ಷದಿಂದ ಹೊಟ್ಟೆ ಹೊರೆದ ಕೆಲಸ, ಸೊಸೆಯ ಫೋನಿನಲ್ಲಿ ತೆಗೆಯಬೇಕೆ? "ಫೋಟೋಗ್ರಾಫರ್ ಮನೇಲಿರುವಾಗ ಫೋನ್ ಯಾಕೆ ಅತ್ತಿಗೆ? ಇವತ್ತು ಒಬ್ಬೊಬ್ಬರದ್ದೇ ತೆಗೀತೀನಿ. ಬರೋ ಭಾನುವಾರ ಬೇರೆ ಲೆನ್ಸ್ ತಂದು ಇಬ್ರನ್ನೂ ತೆಗೆದ್ರಾಯ್ತು" ಎಂದೆ. "ಹದಿನೆಂಟು ವರ್ಷ ಕಾದೋಳಿಗೆ ಒಂದು ವಾರ ಯಾವ ಲೆಕ್ಕ ಬಿಡೋ" ಎಂದಳು ದೊಡ್ಡವ್ವ. ನಾನು ತೆಗೆಯಲೆಂದು ಅವ್ವ ಅಕ್ಕನ ಕೈ ಬಿಡಿಸಿಕೊಂಡು ಪಕ್ಕಕ್ಕೆ ಸರಿದಳು. ನಾನೇ ಸರಿಯಲು ಹೇಳಿದ್ದು.

ಆ ಭಾನುವಾರ ಮಾರನಹಳ್ಳಿಯಲ್ಲಿ ಒಂದು ನಿಶ್ಚಿತಾರ್ಥ ಬಂತು. ಅದರ ಮುಂದಿನ ಭಾನುವಾರ ಇನ್ನೊಂದು. "ಹೋಗಿ ಬರೋಣ ಕಣೋ" ಎಂದು ಅವ್ವ ಎರಡು ಸಲ ನೆನಪಿಸಿದಳು. ಮೂರನೆಯ ಸಲ ಕೇಳಲು ಸಂಕೋಚಪಟ್ಟಳು. ನನ್ನ ಹತ್ತಿರ ಕೇಳಲು ಸಂಕೋಚ! ಒಂದು ಚರ್ಚಿನ ಮದುವೆಯಲ್ಲಿ ಹೆಣ್ಣು ಗಂಡು ಉಂಗುರ ಹಾಕಿಕೊಳ್ಳುತ್ತಿದ್ದಾಗ ಫೋನು ನಡುಗಿತು. ಉಂಗುರದ ಫೋಟೋ ಮುಗಿಸಿ ಹೊರಗೆ ಬಂದು ನೋಡಿದೆ. ದೊಡ್ಡವ್ವ ಹೋಗಿಬಿಟ್ಟಿದ್ದಳು.

ತಿಥಿಯ ದಿನ ವನಗೂರಿನ ಮನೆಯ ಅಂಗಳದಲ್ಲಿ ಶಾಮಿಯಾನದ ಕೆಳಗೆ, ಕುರ್ಚಿಯ ಮೇಲೆ, ನಾನು ತೆಗೆದ ದೊಡ್ಡವ್ವನ ಫೋಟೋ ಇಟ್ಟು ಹಾರ ಹಾಕಿದ್ದರು. ಚೌಕಟ್ಟು ನಾನೇ ಹಾಕಿಸಿದ್ದೆ. ಮಂಚ ಇಲ್ಲ, ಬಿರುಕು ಗೋಡೆ ಇಲ್ಲ, ಮುಖ ಮಾತ್ರ. ಕಣ್ಣಿನಂಚಿನ ನೀರು ಕೂಡ ಇನ್ನೂ ಆರಿರಲಿಲ್ಲ. "ಎಂಥ ಫೋಟೋ ಮಾರಾಯ, ಕರೆದ್ರೆ ಓ ಅಂತಾಳೆ" ಎಂದು ಬಂದವರೆಲ್ಲ ಬೆನ್ನು ತಟ್ಟಿದರು. ಒಬ್ಬೊಬ್ಬರು ಹೊಗಳಿದಾಗಲೂ ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು.

ಊಟವಾದ ಮೇಲೆ ಜನ ಕರಗಿದರು. ಅವ್ವ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಆ ಫೋಟೋದ ಪಕ್ಕಕ್ಕೆ ಹಾಕಿಕೊಂಡು ಕೂತಳು. ಸೆರಗು ಸರಿಮಾಡಿಕೊಂಡಳು. ಚೌಕಟ್ಟಿನ ಅಂಚನ್ನು ಒಂದು ಕೈಯಲ್ಲಿ ಹಿಡಿದುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

"ಈಗ ತೆಗಿಯೋ ಮಗ" ಎಂದಳು. "ಈಗ ಇಬ್ರೂ ಹಿಡೀತೀವೇನೋ ನೋಡು."